ಕಾಳು ತಿನ್ನಲು ಬಂದ ಹೊಸ ಹಕ್ಕಿ: ಅದನ್ನು ಗುರುತಿಸುವ ಬಗೆ

ಚಾಳಿನಲ್ಲಿ ಇರುವವರಿಗೆ ಹಿತ್ತಿಲು ಎಲ್ಲಿಯದು? ಆದರೂ ನಮ್ಮಲ್ಲಿ ಅನೇಕರ ಗ್ಯಾಲರಿಯಲ್ಲಿ, ತುಳಸಿಯ ಡಬ್ಬಿಯ ಮಗ್ಗುಲಿಗೆ, ಒಂದು ಮಣ್ಣಿನ ತಟ್ಟೆ ಇದ್ದೇ ಇರುತ್ತದೆ. ಅಕ್ಕಿ ಆರಿಸುವಾಗ ಬಂದ ನುಚ್ಚು, ಜೋಳ ಹಸನು ಮಾಡುವಾಗ ಉಳಿದ ಒಡಕು ಕಾಳು ಅದರಲ್ಲಿ ಬೀಳುತ್ತವೆ. ಗುಬ್ಬಿಗಳು ಬರುತ್ತವೆ. ಊರಿನ ಅಂಗಳವನ್ನು ಬಿಟ್ಟು ಬಂದವರಿಗೆ ಅಷ್ಟರಿಂದಲೇ ಬೆಳಗಿನ ಹೊತ್ತು ಹಗುರವಾಗುತ್ತದೆ. ಈ ಗುಬ್ಬಿಗಳ ನಡುವೆ ಒಂದು ದಿನ ಎಂದೂ ಕಾಣದ ಹಕ್ಕಿಯೊಂದು ಬಂದು ಕುಳಿತರೆ ಅದು ಯಾವುದೆಂದು ತಿಳಿಯುವುದು ಹೇಗೆ? ಈ ಪಾಠದಲ್ಲಿ ಅದನ್ನೇ ವಿಚಾರ ಮಾಡೋಣ. ಈ ವಿಷಯದಲ್ಲಿ ನಾನು ಪಂಡಿತನೇನೂ ಅಲ್ಲ. ಒಂದು ತಪ್ಪು ಮಾಡಿ, ಅದನ್ನು ತಿದ್ದಿಕೊಳ್ಳುವಾಗ ಕಲಿತದ್ದನ್ನು ವಾಚಕ ಬಂಧುಗಳ ಮುಂದೆ ಇಡುತ್ತಿದ್ದೇನೆ.

ನಡೆದ ಸಂಗತಿ

ದೀಪಾವಳಿ ಕಳೆದು ಎರಡು ವಾರವಾಗಿತ್ತು. ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ತಟ್ಟೆಯ ಕಡೆಗೆ ನೋಡಿದಾಗ, ನಾಲ್ಕೈದು ಗುಬ್ಬಿಗಳ ಜೊತೆಯಲ್ಲಿ ಅವುಗಳಿಗಿಂತ ಚಿಕ್ಕದಾದ ಹಸಿರು ಹಕ್ಕಿಯೊಂದು ಕಾಳು ತಿನ್ನುತ್ತಿತ್ತು. ಬೆನ್ನು ಎಲೆಹಸಿರು, ಎದೆ ಹಳದಿ ಬೆರೆತ ಹಸಿರು. ನೆರೆಯವರನ್ನು ಕರೆದೆ. ಒಬ್ಬರು ಅದು ಗಿಳಿಯ ಮರಿ ಎಂದರು. ಇನ್ನೊಬ್ಬರು ‘ಲವ್ ಬರ್ಡ್’ ಎಂದರು. ಮೂರನೆಯವರು, ಪರದೇಶದ ಹಕ್ಕಿ, ಯಾರದೋ ಪಂಜರದಿಂದ ತಪ್ಪಿಸಿಕೊಂಡು ಬಂದಿದೆ ಎಂದು ತೀರ್ಮಾನವನ್ನೇ ಕೊಟ್ಟರು. ಅಷ್ಟರಲ್ಲಿ ಅದು ಹಾರಿಹೋಯಿತು.

ಸಂಜೆ ವಾಚನಾಲಯಕ್ಕೆ ಬಂದು ಪಕ್ಷಿಗಳ ಚಿತ್ರಪುಸ್ತಕವನ್ನು ತೆರೆದೆ. ಹಾಳೆ ತಿರುವುತ್ತ ಹೋದಾಗ ಒಂದೆಡೆ ಹಸಿರು ಮುನಿಯದ ಚಿತ್ರ ಕಂಡಿತು. ಮೇಲೆ ಹಸಿರು, ಕೆಳಗೆ ಹಳದಿ. ಸಿಕ್ಕಿತೆಂದು ಹಿಗ್ಗಿದೆ. ಅಪರೂಪದ ಹಕ್ಕಿ ಎಂಬ ಒಂದು ಮಾತನ್ನು ಓದಿ, ಮುಂದಿನ ಸಾಲುಗಳನ್ನು ಓದದೆಯೇ ಪುಸ್ತಕವನ್ನು ಮುಚ್ಚಿ, ನಮ್ಮ ಸೂಚನಾಫಲಕದ ಮೇಲೆ ದಪ್ಪ ಅಕ್ಷರದಲ್ಲಿ ಬರೆದುಬಿಟ್ಟೆ: ಇಂತಹ ಚಾಳಿನ ಎರಡನೆಯ ಮಾಳಿಗೆಗೆ ಬಹು ಅಪರೂಪದ ಹಸಿರು ಮುನಿಯ ಬಂದಿದೆ, ನೋಡಲಿಚ್ಛಿಸುವವರು ಬೆಳಿಗ್ಗೆ ಏಳಕ್ಕೆ ಬರಬಹುದು.

ಮರುದಿನ ಏಳಕ್ಕೆ ಬಂದವನು ಒಬ್ಬನೇ. ನಮ್ಮ ಚಾಳಿನ ಕೊನೆಯ ಖೋಲಿಯ ಹುಡುಗ, ಒಂಬತ್ತನೆಯ ತರಗತಿಯಲ್ಲಿ ಓದುವವನು. ಅವನ ಕೈಯಲ್ಲಿ ಒಂದು ಬಿದಿರಿನ ಬುಟ್ಟಿ, ಒಂದು ಮೋಟು ಕಡ್ಡಿ, ಉದ್ದನೆಯ ದಾರ ಇದ್ದವು.

“ಕಾಕಾ, ಬೋರ್ಡಿನ ಮ್ಯಾಲೆ ನೀವ ಬರದೀರಲ್ಲ, ಅಪರೂಪದ ಹಕ್ಕಿ ಅಂತ. ಹಿಡದು ಕೊಟ್ರ ಪ್ಯಾಟ್ಯಾಗ ಛಲೋ ರೊಕ್ಕ ಕೊಡ್ತಾರಂತ. ಅಪ್ಪಗ ಎರಡು ತಿಂಗಳಿಂದ ಕೆಲಸ ಇಲ್ಲ.”

ನನಗೆ ಏನು ಹೇಳಬೇಕೆಂದು ತೋಚಲಿಲ್ಲ. ‘ಅಪರೂಪ’ ಎಂಬ ಮಾತನ್ನು ಬರೆದವನು ನಾನು. ಅದನ್ನು ಓದಿ ಬುಟ್ಟಿ ತಂದವನನ್ನು ಗದರಿಸುವ ಅಧಿಕಾರ ನನಗೆಲ್ಲಿ? “ಐತವಾರದ ತನಕ ತಡಿಯಪ್ಪಾ. ಅದು ಯಾವ ಹಕ್ಕಿ ಅನ್ನೋದನ್ನ ಇಬ್ಬರೂ ಕೂಡಿ ಸರಿಯಾಗಿ ನೋಡೋಣು. ಆಮ್ಯಾಲೆ ಮಾತಾಡೋಣು” ಎಂದೆ. ಅವನು ಒಪ್ಪಿದ. ಆದರೆ ಬುಟ್ಟಿಯನ್ನು ತನ್ನ ಮನೆಗೆ ಒಯ್ಯದೆ ನಮ್ಮ ಬಾಗಿಲ ಹಿಂದೆಯೇ ಇಟ್ಟುಹೋದ.

ಆ ಎರಡು ಮೂರು ದಿನ ರಾತ್ರಿ ಕುಳಿತು, ಮೊದಲು ಓದಬೇಕಾಗಿದ್ದುದನ್ನು ಓದಿದೆ. ಅದರ ಸಾರಾಂಶ ಹೀಗಿದೆ.

ಕಾಳು ತಿನ್ನುವ ಹಕ್ಕಿಗಳು

ಇಂಗ್ಲಿಷಿನಲ್ಲಿ ‘ಫಿಂಚ್’ ಎಂಬ ಮಾತುಂಟು. ಮೋಟಾದ, ಬುಡದಲ್ಲಿ ದಪ್ಪನಾಗಿ ತುದಿಗೆ ಚೂಪಾಗುವ ಕೊಕ್ಕಿನಿಂದ ಬೀಜ ಒಡೆದು ತಿನ್ನುವ ಚಿಕ್ಕ ಹಕ್ಕಿಗಳನ್ನೆಲ್ಲ ರೂಢಿಯಲ್ಲಿ ಆ ಹೆಸರಿನಿಂದ ಕರೆಯುತ್ತಾರೆ. ಆದರೆ ಶಾಸ್ತ್ರಜ್ಞರು ಇವುಗಳನ್ನು ಬೇರೆ ಬೇರೆ ಕುಟುಂಬಗಳಲ್ಲಿ ಇಡುತ್ತಾರೆ. ಹಳೆಯ ಪುಸ್ತಕಗಳಲ್ಲಿ ಗುಬ್ಬಿ, ಗೀಜಗ, ಮುನಿಯ ಈ ಮೂರೂ ಒಂದೇ ಕುಟುಂಬಕ್ಕೆ ಸೇರಿದ್ದವು. ಇಂದು ಮೂರಕ್ಕೂ ಮೂರು ಪ್ರತ್ಯೇಕ ಕುಟುಂಬಗಳು. ನಿಜವಾದ ಫಿಂಚ್‌ಗಳದು ನಾಲ್ಕನೆಯದು. ಆದುದರಿಂದ ಹಳೆಯ ಪುಸ್ತಕದಲ್ಲಿ ಒಂದು ರೀತಿ, ಹೊಸದರಲ್ಲಿ ಇನ್ನೊಂದು ರೀತಿ ಕಂಡರೆ ವಾಚಕರು ಗಾಬರಿಪಡಬೇಕಾಗಿಲ್ಲ. ಮುನಿಯಗಳಿಗೆ ಕನ್ನಡದ ಪಕ್ಷಿಪುಸ್ತಕಗಳಲ್ಲಿ ‘ರಾಟವಾಳ’ ಎಂಬ ಹೆಸರೂ ಇದೆ.

ಇವುಗಳ ಕೊಕ್ಕನ್ನು ಅಡಕೊತ್ತಿಗೆ ಹೋಲಿಸಬಹುದು. ಕಾಳನ್ನು ಅಂಚಿನಲ್ಲಿ ಸಿಕ್ಕಿಸಿ, ಹೊಟ್ಟನ್ನು ಬಿಡಿಸಿ ಕೆಳಗೆ ಉದುರಿಸಿ, ಒಳಗಿನ ತಿರುಳನ್ನು ಮಾತ್ರ ನುಂಗುತ್ತವೆ. ಗಿಳಿಯ ಕೊಕ್ಕು ಕೊಕ್ಕೆಯಂತೆ ಬಾಗಿರುತ್ತದೆ. ಜನರು ‘ಲವ್ ಬರ್ಡ್’ ಎಂದು ಪಂಜರದಲ್ಲಿ ಸಾಕುವ ಬಜರಿಗರ್ ಹಕ್ಕಿಯೂ ಗಿಳಿಯ ಜಾತಿಯದೇ. ಅದರದೂ ಬಾಗಿದ ಕೊಕ್ಕು. ಕೊಕ್ಕಿನ ಆಕಾರ ಒಂದನ್ನು ನೋಡಿದ್ದರೆ ನಮ್ಮ ಗ್ಯಾಲರಿಯ ಮೊದಲ ಎರಡು ಅಭಿಪ್ರಾಯಗಳು ಅಲ್ಲಿಯೇ ಬಿದ್ದುಹೋಗುತ್ತಿದ್ದವು.

ಕೇಳಬೇಕಾದ ಆರು ಪ್ರಶ್ನೆಗಳು

ಹೊಸ ಹಕ್ಕಿ ಕಂಡೊಡನೆ ಪುಸ್ತಕಕ್ಕೆ ಓಡಬಾರದು. ಹಕ್ಕಿ ಕಣ್ಣ ಮುಂದೆ ಇರುವಷ್ಟು ಹೊತ್ತೂ ಅದನ್ನೇ ನೋಡಿ, ಕೆಳಗಿನ ಆರು ಪ್ರಶ್ನೆಗಳಿಗೆ ಉತ್ತರವನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಬೇಕು.

೧. ಗಾತ್ರವೆಷ್ಟು? ಇದಕ್ಕೆ ಗುಬ್ಬಿಯೇ ಅಳತೆಗೋಲು. ಕೊಕ್ಕಿನ ತುದಿಯಿಂದ ಬಾಲದ ತುದಿಯವರೆಗೆ ಗುಬ್ಬಿ ಸುಮಾರು ೧೫ ಸೆಂಟಿಮೀಟರು, ಎಂದರೆ ಮಕ್ಕಳ ಅಳತೆಪಟ್ಟಿಯ ಅರ್ಧ. ಹೊಸ ಹಕ್ಕಿ ಗುಬ್ಬಿಯಷ್ಟೇ ಇದೆಯೋ, ಚಿಕ್ಕದೋ, ದೊಡ್ಡದೋ ಎಂದು ಬರೆಯಿರಿ.

೨. ಕೊಕ್ಕು ಹೇಗಿದೆ? ದಪ್ಪವೋ ತೆಳುವೋ, ನೇರವೋ ಬಾಗಿದ್ದೋ, ಅದರ ಬಣ್ಣವೇನು?

೩. ಬಾಲ ಹೇಗಿದೆ? ಮೋಟೋ ಉದ್ದವೋ, ತುದಿ ಚೂಪೋ ಕವಲೋ? ಹಾರುವಾಗ ಬಾಲದ ಬುಡದಲ್ಲಿ ಬಿಳಿ ಅಥವಾ ಕೆಂಪು ಕಾಣುತ್ತದೆಯೋ?

೪. ಗುರುತುಗಳೇನು? ಹುಬ್ಬಿನಂತಹ ಗೆರೆ, ರೆಕ್ಕೆಯ ಮೇಲೆ ಅಡ್ಡಪಟ್ಟಿ, ಎದೆಯ ಮೇಲೆ ಚುಕ್ಕೆ ಅಥವಾ ಗೀರು, ಪಕ್ಕೆಯ ಮೇಲೆ ಪಟ್ಟೆ, ಇವುಗಳನ್ನು ಒಂದೊಂದಾಗಿ ಹುಡುಕಬೇಕು.

೫. ನಡತೆ ಹೇಗೆ? ಒಂಟಿಯೋ ಗುಂಪೋ? ನೆಲದ ಮೇಲೆ ಕುಪ್ಪಳಿಸಿ ತಿನ್ನುತ್ತದೆಯೋ, ತೆನೆಯನ್ನು ಹಿಡಿದು ಜೋತು ತಿನ್ನುತ್ತದೆಯೋ? ಕೂಗು ಎಂತಹದು?

೬. ಕಾಲ ಯಾವುದು, ಸ್ಥಳ ಯಾವುದು? ತಾರೀಖು, ಹೊತ್ತು, ಸುತ್ತಮುತ್ತ ಹುಲ್ಲುಬಯಲು ಇದೆಯೋ, ಮರಗಳಿವೆಯೋ ಎಂಬುದು.

ಮೈಬಣ್ಣವನ್ನು ಕೊನೆಗೆ ಬರೆದುಕೊಳ್ಳಬೇಕು. ಇದಕ್ಕೆ ಕಾರಣವುಂಟು. ಬೆಳಗಿನ ಓರೆ ಬಿಸಿಲಿನಲ್ಲಿ ಕಂದು ಬಣ್ಣವೂ ಹೊನ್ನಿನಂತೆ ಕಾಣುತ್ತದೆ. ಗಂಡಿಗೊಂದು ಬಣ್ಣ, ಹೆಣ್ಣಿಗೊಂದು, ಮರಿಗೆ ಇನ್ನೊಂದು ಇರುವುದುಂಟು. ಒಂದೇ ಗಂಡುಹಕ್ಕಿ ಮಳೆಗಾಲದಲ್ಲಿ ಒಂದು ಬಣ್ಣ, ಚಳಿಗಾಲದಲ್ಲಿ ಮತ್ತೊಂದು ಬಣ್ಣ ತೊಡುವುದೂ ಉಂಟು. ಇನ್ನೂ ಒಂದು ಕಾರಣವಿದೆ. ಅದನ್ನು ಮುಂದೆ ಹೇಳುತ್ತೇನೆ. ಈಗ ಎಲ್ಲರ ಬಳಿಯಲ್ಲಿಯೂ ಮೊಬೈಲ್ ಇರುವುದರಿಂದ ಒಂದು ಚಿತ್ರ ತೆಗೆದಿಟ್ಟುಕೊಳ್ಳುವುದು ಒಳ್ಳೆಯದೇ. ಆದರೆ ಅದಕ್ಕಾಗಿ ಹತ್ತಿರ ಹೋಗಿ ಹಕ್ಕಿಯನ್ನು ಎಬ್ಬಿಸಬಾರದು. ನಡತೆ, ಕೂಗು, ಗಾತ್ರ ಇವು ಚಿತ್ರದಲ್ಲಿ ಸಿಗಲಾರವು.

ನಮ್ಮ ತಟ್ಟೆಗೆ ಬರಬಹುದಾದವುಗಳು

ಮುಂಬಯಿ, ಪುಣೆಯ ಕಡೆಯಲ್ಲಿ ಗುಬ್ಬಿಯೆಂದು ನಾವು ಲಕ್ಷ್ಯ ಕೊಡದೆ ಬಿಡಬಹುದಾದ ಕೆಲವು ಹಕ್ಕಿಗಳನ್ನು ಇಲ್ಲಿ ಹೇಳುತ್ತೇನೆ. ಮೊದಲು ಗುಬ್ಬಿಯನ್ನೇ ಸರಿಯಾಗಿ ತಿಳಿದಿರಬೇಕು. ಗಂಡಿನ ನೆತ್ತಿ ಬೂದು, ಗಲ್ಲದಿಂದ ಎದೆಯವರೆಗೆ ಕಪ್ಪು. ಹೆಣ್ಣಿಗೆ ಈ ಕಪ್ಪು ಇಲ್ಲ. ಕಣ್ಣಿನ ಮೇಲಿಂದ ಹಿಂದಕ್ಕೆ ಮಾಸಲು ಗೆರೆಯೊಂದಿರುತ್ತದೆ.

ಗೀಜಗ. ಗಾತ್ರದಲ್ಲಿ ಗುಬ್ಬಿಯಷ್ಟೇ. ಮಳೆಗಾಲದಲ್ಲಿ ಗಂಡಿನ ನೆತ್ತಿ ಬಂಗಾರದ ಹಳದಿಯಾಗಿರುವುದರಿಂದ ಗುರುತು ಸುಲಭ. ಉಳಿದ ಕಾಲದಲ್ಲಿ ಗಂಡು ಹೆಣ್ಣು ಎರಡೂ ಹೆಣ್ಣುಗುಬ್ಬಿಯಂತೆಯೇ ಕಾಣುತ್ತವೆ. ಕೊಕ್ಕು ಗುಬ್ಬಿಯದಕ್ಕಿಂತ ದಪ್ಪ, ಬಾಲ ಮೋಟು. ಊರಿನ ಬಾವಿಯ ಮೇಲಿನ ಜಾಲಿಯ ಕೊಂಬೆಗೆ ತೂಗುತ್ತಿದ್ದ ಗೂಡುಗಳನ್ನು ನೆನೆಯಿರಿ. ಅವುಗಳನ್ನು ಹೆಣೆದುದು ಇದೇ ಹಕ್ಕಿ.

ಚುಕ್ಕೆ ಮುನಿಯ. ೧೧ ಸೆಂಟಿಮೀಟರಿನಷ್ಟು ಪುಟ್ಟದು. ಬೆನ್ನು ಕಂದು, ಮುಖ ಮತ್ತು ಗಂಟಲು ಗಾಢ ಕಂದು, ಹೊಟ್ಟೆ ಬಿಳಿ. ಬಿಳಿಯ ಮೇಲೆ ಮೀನಿನ ಹುರುಪೆಯಂತಹ ಕಪ್ಪು ಗುರುತುಗಳು. ಕೊಕ್ಕು ದಪ್ಪ, ಕಪ್ಪು ಮಿಶ್ರಿತ ಬೂದು. ಗಂಡು ಹೆಣ್ಣಿಗೆ ಭೇದ ತೋರದು. ಮರಿಗಳಿಗೆ ಹುರುಪೆ ಇಲ್ಲ, ಬರಿ ಕಂದು. ಹುಲ್ಲಿನ ಬೀಜವೇ ಮುಖ್ಯ ಆಹಾರ, ಸದಾ ಗುಂಪಿನಲ್ಲಿರುತ್ತವೆ.

ಬಿಳಿ ಗಂಟಲಿನ ಮುನಿಯ. ಇದೂ ಅಷ್ಟೇ ಪುಟ್ಟದು. ಮಣ್ಣುಬಣ್ಣದ ಬೆನ್ನು, ಮಾಸಲು ಬಿಳಿ ಹೊಟ್ಟೆ, ಬೂದು ಕೊಕ್ಕು, ಬಿಳಿ ಪೃಷ್ಠ, ಕಪ್ಪಾದ ಚೂಪು ಬಾಲ. ಒಣ ಬಯಲುಸೀಮೆಯ ಹಕ್ಕಿ. ಗೀಜಗ ಬಿಟ್ಟುಹೋದ ಹಳೆಯ ಗೂಡಿನಲ್ಲಿ ಇದು ಸಂಸಾರ ಹೂಡುವುದುಂಟು.

ಕೆಂಪು ಮುನಿಯ. ೧೦ ಸೆಂಟಿಮೀಟರು. ಮಳೆಗಾಲದ ಹೊತ್ತಿಗೆ ಗಂಡಿನ ಮೈ ಕುಂಕುಮದಂತೆ ಕೆಂಪಾಗಿ ಬಿಳಿಯ ಚುಕ್ಕೆಗಳಿಂದ ತುಂಬಿರುತ್ತದೆ. ಕೊಕ್ಕು ಕೆಂಪು. ಇದರ ಇಂಗ್ಲಿಷ್ ಹೆಸರು ‘ಅವಡವಾಟ್’. ಅದು ಅಹಮದಾಬಾದು ಎಂಬ ಹೆಸರೇ ಪರದೇಶಿಯರ ಬಾಯಲ್ಲಿ ಕೆಟ್ಟು ಆದ ರೂಪ. ಒಂದು ಕಾಲಕ್ಕೆ ಅಲ್ಲಿಂದ ಈ ಹಕ್ಕಿಗಳು ಪಂಜರಗಳಲ್ಲಿ ಹೊರದೇಶಗಳಿಗೆ ಹೋಗುತ್ತಿದ್ದವು.

ರೋಸ್‌ಫಿಂಚ್. ನಿಜವಾದ ಫಿಂಚ್ ಕುಟುಂಬದ್ದು. ಗುಬ್ಬಿಯ ಗಾತ್ರ. ಗಂಡಿನ ತಲೆ ಎದೆಗಳು ಗುಲಾಬಿ ಕೆಂಪು. ಹೆಣ್ಣು ಗೀರುಗೀರಾದ ಕಂದು. ಹಿಮಾಲಯ ಮತ್ತು ಅದರಾಚೆಯ ಪ್ರದೇಶಗಳಿಂದ ಚಳಿಗಾಲಕ್ಕೆ ಮಾತ್ರ ನಮ್ಮ ಕಡೆಗೆ ಇಳಿದು ಬರುತ್ತದೆ. ಚಾಳಿನ ತಟ್ಟೆಗಿಂತ ಮರಗಿಡಗಳಿರುವ ಊರಂಚಿನಲ್ಲಿ ಇದನ್ನು ನೋಡುವ ಸಂಭವ ಹೆಚ್ಚು.

ಹಳದಿ ಕತ್ತಿನ ಗುಬ್ಬಿ. ಇದರ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಬೂದುಗಂದು ಮೈ, ಬೆನ್ನಿನ ಮೇಲೆ ಗೀರುಗಳಿಲ್ಲ, ರೆಕ್ಕೆಯ ಮೇಲೆ ಎರಡು ಬಿಳಿಯ ಪಟ್ಟಿ. ಗಂಡಿನ ಹೆಗಲು ಕೆಂಗಂದು, ಕತ್ತಿನ ಮುಂಭಾಗದಲ್ಲಿ ಒಂದು ಹಳದಿಯ ಮಚ್ಚೆ. ಹಳದಿ ಮಚ್ಚೆಯನ್ನು ಗಮನಿಸದಿದ್ದರೆ ಗುಬ್ಬಿಯೆಂದೇ ಬಿಟ್ಟುಬಿಡುತ್ತೇವೆ. ಶತಮಾನದ ಹಿಂದೆ ಇದೇ ಮುಂಬಯಿಯಲ್ಲಿ ಒಬ್ಬ ಹುಡುಗ ಹಾಗೆ ಬಿಡಲಿಲ್ಲ.

ಮುಂಬಯಿಯ ಒಬ್ಬ ಹುಡುಗನ ಪ್ರಶ್ನೆ

ಆ ಹುಡುಗನ ಹೆಸರು ಸಾಲಿಂ ಅಲಿ. ೧೮೯೬ರಲ್ಲಿ ಮುಂಬಯಿಯಲ್ಲಿ ಹುಟ್ಟಿ, ಎಳವೆಯಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು, ಸೋದರಮಾವ ಅಮೀರುದ್ದೀನ್ ತ್ಯಾಬ್ಜಿಯವರ ಮನೆಯಲ್ಲಿ ಬೆಳೆದವರು. ಹತ್ತು ಹನ್ನೆರಡು ವರ್ಷದವರಾಗಿದ್ದಾಗ ಗಾಳಿಬಂದೂಕಿನಿಂದ ಗುಬ್ಬಿಗಳನ್ನು ಹೊಡೆಯುವ ಆಟ. ಒಂದು ದಿನ ಹೊಡೆದುರುಳಿಸಿದ ಗುಬ್ಬಿಯ ಕತ್ತಿನ ಮೇಲೆ ಹಳದಿಯ ಮಚ್ಚೆ ಕಂಡಿತು. ಇದು ಯಾವ ಗುಬ್ಬಿ ಎಂದು ಮಾವನನ್ನು ಕೇಳಿದರು. ಅವರಿಗೂ ತಿಳಿಯದು. ಆದರೆ ಅವರು ಏನಾದರೊಂದು ಹೆಸರು ಹೇಳಿ ಹುಡುಗನನ್ನು ಸುಮ್ಮನಾಗಿಸಲಿಲ್ಲ. ೧೮೮೩ರಲ್ಲಿ ಸ್ಥಾಪನೆಯಾಗಿದ್ದ ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಒಂದು ಚೀಟಿ ಬರೆದುಕೊಟ್ಟು ಕಳಿಸಿದರು. ಅಲ್ಲಿಯ ಗೌರವ ಕಾರ್ಯದರ್ಶಿ ಮಿಲಾರ್ಡ್ ಎಂಬ ಆಂಗ್ಲರು ಹಕ್ಕಿಯನ್ನು ನೋಡಿ ಹೆಸರು ಹೇಳಿದುದಲ್ಲದೆ, ಕಪಾಟುಗಳನ್ನು ತೆರೆದು ಸಂಗ್ರಹದಲ್ಲಿದ್ದ ಹಕ್ಕಿಗಳನ್ನು ಹುಡುಗನಿಗೆ ತೋರಿಸಿದರು.

ಅಂದಿನಿಂದ ಆ ಹುಡುಗನ ದಾರಿ ತಿರುಗಿತು. ಮುಂದೆ ಅವರು ದೇಶದ ಉದ್ದಗಲಕ್ಕೂ ಪಕ್ಷಿಗಳ ಸಮೀಕ್ಷೆ ಮಾಡಿದರು. ನಮ್ಮ ಹಳೆಯ ಮೈಸೂರು ಸಂಸ್ಥಾನದ ಪಕ್ಷಿಗಳನ್ನೂ ಅವರು ಸಮೀಕ್ಷಿಸಿ ಬರೆದಿದ್ದಾರೆ. ೧೯೪೧ರಲ್ಲಿ ಭಾರತದ ಪಕ್ಷಿಗಳನ್ನು ಕುರಿತು ಅವರು ಬರೆದ ಚಿತ್ರಪುಸ್ತಕವು ಅನೇಕ ಆವೃತ್ತಿಗಳನ್ನು ಕಂಡಿತು. ೧೯೮೫ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಗೆ ಅವರು ಆ ಗುಬ್ಬಿಯ ಬೀಳುವಿಕೆಯ ಹೆಸರನ್ನೇ ಇಟ್ಟರು. ೧೯೮೭ರಲ್ಲಿ ತೀರಿಕೊಂಡರು.

ತನಗೆ ತಿಳಿಯದು ಎಂದು ಒಪ್ಪಿಕೊಂಡ ಆ ಸೋದರಮಾವನನ್ನು ಓದುವಾಗ ನನ್ನ ಕಣ್ಣಿಗೆ ಕಂಡದ್ದು ಸೂಚನಾಫಲಕದ ಮೇಲಿನ ನನ್ನ ದಪ್ಪ ಅಕ್ಷರಗಳು.

ಐತವಾರದ ಪರೀಕ್ಷೆ

ಐತವಾರ ಬೆಳಿಗ್ಗೆ ಹುಡುಗನೂ ನಾನೂ ಬಾಗಿಲ ಒಳಗೆ ಚಾಪೆ ಹಾಕಿಕೊಂಡು ಕುಳಿತೆವು. ಅವನ ಕೈಯಲ್ಲಿ ನೋಟುಬುಕ್ಕು, ನನ್ನ ತೊಡೆಯ ಮೇಲೆ ಚಿತ್ರಪುಸ್ತಕ. ಹಕ್ಕಿ ಹೋಗುವವರೆಗೆ ಪುಸ್ತಕ ತೆರೆಯಬಾರದೆಂದು ಕರಾರು. ಏಳೂಕಾಲಿಗೆ ಹಸಿರು ಹಕ್ಕಿ ಬಂದಿತು. ಹುಡುಗನ ಕಣ್ಣು ನನ್ನದಕ್ಕಿಂತ ಚುರುಕು. ಅವನು ಪಿಸುಮಾತಿನಲ್ಲಿ ಹೇಳುತ್ತ ಬರೆದುಕೊಂಡದ್ದು ಹೀಗಿತ್ತು.

ಗಾತ್ರ, ಗುಬ್ಬಿಯ ಮುಕ್ಕಾಲು ಪಾಲು. ಕೊಕ್ಕು ನೇರ, ದಪ್ಪ, ಕಪ್ಪು. ಬಾಲದ ತುದಿ ಕಂದು. ಮುಖದ ಹಸಿರಿನ ಅಡಿಯಲ್ಲಿ ಗಾಢ ಕಂದು. ಪಕ್ಕೆಯಲ್ಲಿ ಪಟ್ಟೆಗಳಿಲ್ಲ, ಹೊಟ್ಟೆಯ ಮೇಲೆ ಮೀನಿನ ಹುರುಪೆಯಂತಹ ಗುರುತು, ಅದರ ಮೇಲೆಲ್ಲ ಹಸಿರು. ಒಂದೊಂದೇ ಕಾಳನ್ನು ಬಿಡಿಸಿ ಹೊಟ್ಟು ಉದುರಿಸುತ್ತದೆ. ಒಂಟಿ.

ಕಾಳು ತಿಂದ ಮೇಲೆ ಅದು ಮಗ್ಗುಲಿನ ನೀರಿನ ತಟ್ಟೆಗೆ ಇಳಿದು ಮೀಯಿತು. ಒದ್ದೆಯಾದ ಗರಿಗಳನ್ನು ಕೆದರಿಕೊಂಡು ಕಂಬಿಯ ಮೇಲೆ ಕುಳಿತಾಗ ರೆಕ್ಕೆಯನ್ನು ಎತ್ತಿತು. ರೆಕ್ಕೆಯ ಅಡಿಯಲ್ಲಿ ಹಸಿರೇ ಇಲ್ಲ, ಮಾಸಲು ಬಣ್ಣ. ಬೆನ್ನಿನ ಮೇಲೆ ಒಂದೆಡೆ ಹಸಿರು ಗಟ್ಟಿ, ಒಂದೆಡೆ ತೆಳು. ನಾನು ಗಿರಣಿಯ ಬಣ್ಣಖಾತೆಯ ಕೆಲಸಗಾರನಲ್ಲ, ಗುಮಾಸ್ತ. ಆದರೆ ಬಣ್ಣ ಸಮನಾಗಿ ಹಿಡಿಯದೆ ಹಿಂದಕ್ಕೆ ಬಂದ ಥಾನುಗಳ ಲೆಕ್ಕವನ್ನು ವರ್ಷಾನುಗಟ್ಟಲೆ ಬರೆದವನು. ಅಂತಹ ಬಟ್ಟೆಯನ್ನು ಕಂಡರೆ ನನಗೆ ಗುರುತು ಹತ್ತುತ್ತದೆ. ಹಕ್ಕಿ ಹಾರಿಹೋದ ಮೇಲೆ ನೀರಿನ ತಟ್ಟೆಯನ್ನು ನೋಡಿದೆವು. ನೀರಿಗೆ ತೆಳುವಾದ ಹಸಿರು ಬಂದಿತ್ತು.

ಆಗ ಪುಸ್ತಕ ತೆರೆದೆವು. ಹಸಿರು ಮುನಿಯದ ಕೊಕ್ಕು ಕೆಂಪು. ಅದರ ಪಕ್ಕೆಯ ಮೇಲೆ ಕಪ್ಪು ಬಿಳುಪಿನ ಎದ್ದುಕಾಣುವ ಪಟ್ಟೆಗಳು. ಅದರ ನೆಲೆ ಅಬು ಪರ್ವತ, ಮಧ್ಯಪ್ರದೇಶ ಮುಂತಾದ ನಡು ಭಾರತದ ಹುಲ್ಲುಗಾವಲು, ಕಬ್ಬಿನ ಗದ್ದೆಗಳು. ನಮ್ಮ ಅತಿಥಿಗೆ ಇವುಗಳಲ್ಲಿ ಯಾವುದೂ ಹೊಂದಲಿಲ್ಲ. ಹಾಳೆ ತಿರುವಿ ಹುಡುಗನೇ ಬೆರಳಿಟ್ಟು ತೋರಿಸಿದ: ಚುಕ್ಕೆ ಮುನಿಯ. ಗಾತ್ರ, ಕೊಕ್ಕು, ಮುಖ, ಹುರುಪೆ ಎಲ್ಲವೂ ಸರಿಹೊಂದಿದವು. ಬಣ್ಣ ಒಂದನ್ನು ಬಿಟ್ಟು. ಆ ಬಣ್ಣ ಹಕ್ಕಿಯದಾಗಿರಲಿಲ್ಲ.

“ಕಾಕಾ, ಇದಕ್ಕ ಯಾರೋ ಬಣ್ಣಾ ಹಚ್ಚ್ಯಾರ” ಎಂದ ಹುಡುಗ.

ಬಣ್ಣ ಹಚ್ಚುವುದು ಏಕೆ?

ಕಾಡಿನ ಮುನಿಯಗಳನ್ನು ಬಲೆಯಲ್ಲಿ ಹಿಡಿದು, ಹಸಿರು, ಹಳದಿ, ಕೆಂಪು ಬಣ್ಣ ಹಾಕಿ, ಪರದೇಶದ ಹಕ್ಕಿಯೆಂದು ಮಾರುವ ಮೋಸ ನಮ್ಮ ದೇಶದಲ್ಲಿ ನಡೆದುಬಂದಿದೆ. ಇದಕ್ಕೆ ಎರಡು ಕಾರಣ. ಮೊದಲನೆಯದು, ಬಣ್ಣದ ಹಕ್ಕಿಗೆ ಹೆಚ್ಚು ಬೆಲೆ ಬರುತ್ತದೆ. ಎರಡನೆಯದು ಕಾಯಿದೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಮುನಿಯಗಳು ಸಂರಕ್ಷಿತ ಹಕ್ಕಿಗಳು. ಅವುಗಳನ್ನು ಹಿಡಿಯುವುದು, ಮಾರುವುದು, ಕೊಂಡು ಪಂಜರದಲ್ಲಿಡುವುದು ಎಲ್ಲವೂ ಅಪರಾಧ. ಪಂಜರದಲ್ಲಿಯೇ ಹುಟ್ಟಿ ಬೆಳೆದ, ಆಸ್ಟ್ರೇಲಿಯಾ ಮೂಲದ ಜೀಬ್ರಾ ಫಿಂಚ್‌ನಂತಹ ಹಕ್ಕಿಯ ಮಾತು ಬೇರೆ. ಆದುದರಿಂದಲೇ ದೇಶದ ಹಕ್ಕಿಗೆ ಪರದೇಶದ ವೇಷ ಹಾಕುತ್ತಾರೆ. ಬಣ್ಣವನ್ನು ಕೊನೆಗೆ ನೋಡಬೇಕೆಂದು ಹೇಳಿದೆನಲ್ಲ, ಅದಕ್ಕೆ ಉಳಿದಿದ್ದ ಕಾರಣ ಇದೇ.

ಇಲ್ಲಿ ಗರಿಯ ವಿಷಯವನ್ನು ತಿಳಿದಿರಬೇಕು. ನಮ್ಮ ಕೂದಲಿನ ಹಾಗೆ ಪೂರ್ತಿ ಬೆಳೆದ ಗರಿಗೆ ಜೀವವಿಲ್ಲ. ಅದರ ಸಹಜ ಬಣ್ಣ ಬೆಳೆಯುವಾಗಲೇ ಕೂಡಿಬಂದಿರುತ್ತದೆ. ಮೇಲೆ ಹಾಕಿದ ಬಣ್ಣ ಸ್ವಲ್ಪ ಸ್ವಲ್ಪ ತೊಳೆದುಹೋಗಬಹುದು; ಪೂರ್ತಿ ಹೋಗುವುದು ಗರಿ ಉದುರಿ ಹೊಸದು ಬಂದಾಗ. ಹಕ್ಕಿಗಳು ಸಾಮಾನ್ಯವಾಗಿ ವರ್ಷಕ್ಕೊಮ್ಮೆ, ಸಂತಾನಕಾಲ ಮುಗಿದ ಮೇಲೆ, ಹೀಗೆ ಗರಿ ಬದಲಿಸುತ್ತವೆ. ಅಲ್ಲಿಯವರೆಗೆ ಕೊಕ್ಕಿನಿಂದ ಗರಿಯನ್ನು ಹಸನು ಮಾಡಿಕೊಳ್ಳುವಾಗಲೆಲ್ಲ ಆ ಬಣ್ಣ ಬಾಯಿಗೆ ಹೋಗುತ್ತಲೇ ಇರುತ್ತದೆ. ಇಂತಹ ಹಕ್ಕಿ ಹಾರಲಾರದೆ ಸೋತು ಬಿದ್ದಿದ್ದರೆ ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲಲ್ಲಿಟ್ಟು ಅರಣ್ಯ ಇಲಾಖೆಗೆ ತಿಳಿಸಬೇಕು. ಚೆನ್ನಾಗಿ ಹಾರುತ್ತಿದ್ದರೆ ಅದರ ಪಾಡಿಗೆ ಬಿಡುವುದೇ ಲೇಸು.

ನಾನು ಇದನ್ನೆಲ್ಲ ಹುಡುಗನಿಗೆ ಓದಿ ಹೇಳಿದೆ. ಅಪರೂಪದ ಹಕ್ಕಿಯಲ್ಲವೆಂದು ಅವನ ಮುಖ ಬಾಡಿತು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾರ ಇದು ಒಮ್ಮೆ ತಪ್ಪಿಸಿಕೊಂಡು ಬಂದದ ಕಾಕಾ” ಎಂದ. ಹೋಗುವಾಗ ಬುಟ್ಟಿಯನ್ನು ಎತ್ತಿಕೊಂಡು ಹೋದ. ಅವರ ಮನೆಯಲ್ಲಿ ಈಗ ಅದರಲ್ಲಿ ಉಳ್ಳಾಗಡ್ಡಿ ಇಟ್ಟಿದ್ದಾರೆ. ಅವನ ತಂದೆಯ ಕೆಲಸದ ವಿಷಯವನ್ನು ವಾಚನಾಲಯಕ್ಕೆ ಬರುವ ಇಬ್ಬರು ಮೂವರ ಕಿವಿಗೆ ಹಾಕಿದ್ದೇವೆ. ಇನ್ನಾರಾದರೂ ಬಲ್ಲವರಿದ್ದರೆ ನನ್ನನ್ನು ಕಾಣಬೇಕು. ಫಲಕದ ಮೇಲಿನ ಸುದ್ದಿಯನ್ನು ಅಂದು ಸಂಜೆಯೇ ಅಳಿಸಿ, ಅದೇ ದಪ್ಪ ಅಕ್ಷರದಲ್ಲಿ ತಿದ್ದುಪಡಿ ಬರೆದೆ.

ಕಾಳು ಹಾಕುವವರಿಗೆ ಒಂದೆರಡು ಮಾತು

ನವಣೆ, ಸಜ್ಜೆ, ಅಕ್ಕಿಯ ನುಚ್ಚು ಈ ಹಕ್ಕಿಗಳಿಗೆ ಒಳ್ಳೆಯದು. ಉಪ್ಪು ಖಾರ ಹಚ್ಚಿದ ಚೂಡಾ, ಕರಿದ ತಿಂಡಿ, ಹಳಸಿದ ಅನ್ನ ಹಾಕಬಾರದು. ತಟ್ಟೆಯನ್ನು ವಾರಕ್ಕೊಮ್ಮೆಯಾದರೂ ತಿಕ್ಕಿ ತೊಳೆದು ಬಿಸಿಲಿಗಿಡಬೇಕು. ಹಲವು ಹಕ್ಕಿಗಳು ಒಂದೇ ತಟ್ಟೆಯಲ್ಲಿ ಉಣ್ಣುವುದರಿಂದ ರೋಗ ಹರಡುವುದುಂಟು. ನೀರನ್ನು ನಿತ್ಯ ಬದಲಿಸಬೇಕು. ನಿಂತ ನೀರಿನಲ್ಲಿ ಸೊಳ್ಳೆಯಾಗುತ್ತದೆ. ಕಾಳು ಒಂದು ಹಿಡಿಗಿಂತ ಹೆಚ್ಚು ಬೇಡ. ಹೆಚ್ಚು ಹಾಕಿದರೆ ಪಾರಿವಾಳಗಳು ಮುತ್ತುತ್ತವೆ. ಅವುಗಳ ಹಿಕ್ಕೆಯ ಧೂಳು ಕೆಲವರ ಶ್ವಾಸಕೋಶಕ್ಕೆ ಕೇಡು. ಮುಂಬಯಿಯಲ್ಲಿ ೨೦೨೫ರಲ್ಲಿ ಪಾರಿವಾಳಗಳಿಗೆ ಕಾಳು ಹಾಕುವ ವಿಷಯ ಉಚ್ಚ ನ್ಯಾಯಾಲಯದವರೆಗೆ ಹೋದುದನ್ನು ವಾಚಕರು ಬಲ್ಲರು. ಆದುದರಿಂದ ಪಾರಿವಾಳ ಕುಳಿತುಕೊಳ್ಳಲಾಗದಂತಹ ಚಿಕ್ಕ ಬಟ್ಟಲನ್ನು ತೂಗುಹಾಕಿ, ನೆರೆಯವರನ್ನು ಒಂದು ಮಾತು ಕೇಳಿ, ಆಮೇಲೆ ಕಾಳು ಹಾಕಿರಿ.

ಹಸಿರು ಹಚ್ಚಿಸಿಕೊಂಡ ನಮ್ಮ ಮುನಿಯ ಒಟ್ಟ ಹನ್ನೊಂದು ದಿನ ಬಂದಿತು. ಹನ್ನೆರಡನೆಯ ದಿನ ಬರಲಿಲ್ಲ. ಮೂರು ವಾರಗಳ ಬಳಿಕ ಹುಡುಗ ಓಡುತ್ತ ಬಂದು, ರೈಲುಹಳಿಯ ಆಚೆಯ ಖಾಲಿ ಜಾಗದ ಹುಲ್ಲಿನಲ್ಲಿ ಇಪ್ಪತ್ತರಷ್ಟು ಚುಕ್ಕೆ ಮುನಿಯಗಳಿವೆ, ಹೊಟ್ಟೆಯ ಮೇಲಿನ ಹುರುಪೆಯನ್ನು ನೋಡಿಯೇ ಗುರುತಿಸಿದೆ ಎಂದು ಹೇಳಿದ. ಹಸಿರಿನದು ಅವುಗಳಲ್ಲಿತ್ತೇ ಎಂದು ಕೇಳಿದೆ. ಕಾಣಲಿಲ್ಲವಂತೆ.

ವಾಚನಾಲಯದ ಮೇಜಿನ ಮೇಲೆ ಈಗ ಒಂದು ವಹಿ ಇಟ್ಟಿದ್ದೇವೆ. ನಿಮ್ಮ ಗ್ಯಾಲರಿಗೆ, ಕಿಟಕಿಗೆ, ಕಾರಖಾನೆಯ ಅಂಗಳಕ್ಕೆ ಹೊಸ ಹಕ್ಕಿ ಬಂದರೆ ಮೇಲಿನ ಆರು ಪ್ರಶ್ನೆಗಳ ಉತ್ತರವನ್ನು ಅದರಲ್ಲಿ ಬರೆಯಿರಿ. ಹೆಸರಿನ ಅಂಕಣವನ್ನು ಖಾಲಿ ಬಿಟ್ಟರೂ ನಡೆಯುತ್ತದೆ. ಐತವಾರ ಹತ್ತು ಗಂಟೆಗೆ ಪುಸ್ತಕಗಳನ್ನು ಮುಂದಿಟ್ಟುಕೊಂಡು ಎಲ್ಲರೂ ಕೂಡಿ ಅದನ್ನು ತುಂಬೋಣ. ವಹಿಯ ಮೊದಲನೆಯ ಪುಟದಲ್ಲಿ ಆ ಹುಡುಗನ ಅಕ್ಷರವಿದೆ.